ಸವೆದ ಹಳಿಗೂ ಕೆಲಸ ಇದೆ

ಕೇಳುಗರೆಲ್ಲರಿಗೂ ನಮಸ್ಕಾರ. ರೈಲು ಹತ್ತಿದ ಮೇಲೆ ನಾವೆಲ್ಲ ಕಿಟಕಿ ಸೀಟು ಹುಡುಕ್ತೀವಿ, ಕೆಳಗೆ ಮಲಗಿರೋ ಕಂಬಿ ಕಡೆ ಯಾರ ಕಣ್ಣೂ ಹೋಗಲ್ಲ. ನನಗೆ ಮಾತ್ರ ಆ ಕಂಬಿ ಮೇಲೇ ಪ್ರೀತಿ, ಅದಕ್ಕೇ ಇವತ್ತು ಅದರ ಕಥೆ ಹೇಳೋಣ ಅಂತ ಬಂದೆ.

ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟಿನೇ ತಗೊಳ್ಳಿ. ಸುಮಾರು 55 ಕಿಲೋಮೀಟರ್, 57 ಸುರಂಗ, 50 ಅಡಿಗೆ 1 ಅಡಿ ಇಳಿಯೋ ಇಳಿಜಾರು, ಅದರ ಮೇಲೆ ತಿರುವಾದ ಮೇಲೆ ತಿರುವು. ತಿರುವಿನಲ್ಲಿ ಗಾಡಿಯ ಚಕ್ರ ಹೊರಗಿನ ಹಳಿ ಕಡೆಗೆ ಒತ್ಕೊಂಡೇ ಹೋಗೋದು, ಹಾಗಾಗಿ ಚಕ್ರದ ಅಂಚು ಹೊರಗಿನ ಹಳಿಯ ಒಳಮೈಯನ್ನ ದಿನಾ ಉಜ್ಜತ್ತೆ, ನೇರ ದಾರಿಯಲ್ಲಿ ಎಷ್ಟೋ ವರ್ಷ ಬಾಳೋ ಹಳಿ ಇಲ್ಲಿ ಬೇಗ ತೆಳ್ಳಗಾಗತ್ತೆ. ಅದಕ್ಕೇ ಅಲ್ಲಿ ಹಳಿಗೆ ಗ್ರೀಸ್ ಹಚ್ತಾರೆ. ಒಳಮೈ ಜಾಸ್ತಿ ಸವೆದ್ರೆ ಹೊರಗಿನ ಹಳಿನ ಒಳಗಡೆಗೆ, ಒಳಗಿಂದನ್ನ ಹೊರಗಡೆಗೆ ಬದಲಾಯಿಸ್ತಾರೆ, ಆಗ ಸವೆಯದೇ ಇದ್ದ ಮೈ ಚಕ್ರಕ್ಕೆ ಸಿಗತ್ತೆ, ಅದೇ ಹಳಿ ಇನ್ನಷ್ಟು ವರ್ಷ ದುಡಿಯತ್ತೆ. ಎಷ್ಟು ಸರಳ ಉಪಾಯ ನೋಡಿ!

ಹಳಿ ಕೆಳಗಿನ ಜಲ್ಲಿನೂ ಹಂಗೇ. ಮಳೆ, ಮಣ್ಣು, ಕಲ್ಲಿನ ಪುಡಿ ಸೇರ್ಕೊಂಡು ಜಲ್ಲಿ ಕಟ್ಕೊಂಡ್ಬಿಟ್ರೆ ನೀರು ಇಳಿಯಲ್ಲ, ನೀರು ನಿಂತ್ರೆ ಸ್ಲೀಪರ್, ಅಂದ್ರೆ ಹಳಿ ಕೆಳಗೆ ಅಡ್ಡಕ್ಕೆ ಹಾಕಿರೋ ದಿಮ್ಮಿ, ಕುಣಿಯೋಕೆ ಶುರು, ಹಳಿ ಮಟ್ಟ ತಪ್ಪತ್ತೆ. ಹಾಗಾಗಿ ಸುಮಾರು 10 ವರ್ಷಕ್ಕೊಂದ್ಸಲ ಪೂರ್ತಿ ಜಲ್ಲಿನ ಮಷಿನ್ನಲ್ಲಿ ತೋಡಿ ತೆಗೆದು, ಅಲ್ಲೇ ಜರಡಿ ಹಿಡಿದು, ಗಟ್ಟಿ ಕಲ್ಲನ್ನ ವಾಪಸ್ ಅಲ್ಲೇ ಸುರೀತಾರೆ, ಕಸ ಮಾತ್ರ ಹೊರಗೆ ಹೋಗತ್ತೆ. ನಮ್ಮಜ್ಜಿ ಮೊರದಲ್ಲಿ ಅಕ್ಕಿ ಕೇರ್ತಿದ್ದದ್ದು ನೆನಪಾಗತ್ತೆ ನನಗೆ. ಜರಡಿಲಿ ಉಳಿದ ಒಂದೊಂದು ಕಲ್ಲೂ ಗುಡ್ಡ ಒಡೆಯೋದನ್ನ ಅಷ್ಟು ಕಮ್ಮಿ ಮಾಡತ್ತೆ.

ಇದೆಲ್ಲ ಯಂತ್ರದ ಕೆಲಸ ಆಯ್ತು. ಆದ್ರೆ ದಿನಾ ಬೆಳಿಗ್ಗೆ ಹಳಿ ನೋಡ್ಕೊಳ್ಳೋ ಕೀಮ್ಯಾನ್ ಸುತ್ತಿಗೆ, ಸ್ಪ್ಯಾನರ್, ಕೆಂಪು ಬಾವುಟ ಹಿಡ್ಕೊಂಡು ತನ್ನ ಪಾಲಿನ ದಾರಿ ಪೂರ್ತಿ ನಡೀತಾರಲ್ಲ, ಹಳಿನ ಸ್ಲೀಪರಿಗೆ ಹಿಡಿದಿಡೋ ಕ್ಲಿಪ್ ಸಡಿಲಾಗಿದ್ರೆ ಬಡಿದು ಕೂರಿಸ್ತಾರಲ್ಲ, ಹಳಿ ಆಯಸ್ಸು ನಿಂತಿರೋದು ಅವರ ಕಾಲ್ಮೇಲೆ. ಕ್ಲಿಪ್ ಸಡಿಲ ಬಿಟ್ಟು, ಹಳಿ ಕೆಳಗಿನ ರಬ್ಬರ್ ಪ್ಯಾಡ್ ಜರುಗಿದ್ದು ಗೊತ್ತಾಗದೆ ಹೋದ್ರೆ ಹಳಿ ಬುಡ, ಸ್ಲೀಪರ್ ಎರಡೂ ತಿಂದುಹೋಗತ್ತೆ, ಆಮೇಲೆ ಆ ಹಳಿ ಇನ್ನೊಂದು ಕಡೆ ಹಾಕೋಕೂ ಬರಲ್ಲ, ಗುಜರಿಗೇ ಹೋಗ್ಬೇಕು.

ಮೇನ್ ಲೈನಿಂದ ಬಿಚ್ಚಿದ ಹಳಿನೆಲ್ಲ ಒಟ್ಟಿಗೆ ರಾಶಿ ಹಾಕಲ್ಲ. ಅಳೆದು, ಒಳಗೆ ಬಿರುಕು ಇದ್ಯಾ ಅಂತ ಅಲ್ಟ್ರಾಸೋನಿಕ್‌ನಲ್ಲಿ ನೋಡಿ, ಚೆನ್ನಾಗಿದ್ರೆ ಗಾಡಿ ನಿಧಾನ ಹೋಗೋ ಲೂಪ್ ಲೈನಿಗೆ, ಯಾರ್ಡಿಗೆ, ಸೈಡಿಂಗಿಗೆ ಹಾಕ್ತಾರೆ. ಅಲ್ಲೂ ಆಗದೇ ಇದ್ದದ್ದು ಹರಾಜಿಗೆ ಹೋಗಿ ಕುಲುಮೆ ಸೇರಿ ಮತ್ತೆ ಉಕ್ಕಾಗತ್ತೆ. ಹಳೇ ಮರದ ಸ್ಲೀಪರ್ ಬಗ್ಗೆ ಒಂದು ಮಾತು, ಎಷ್ಟೋ ಸಲ ಮರ ಹಾಳಾಗದ ಹಾಗೆ ಕ್ರಿಯೋಸೋಟ್ ಅನ್ನೋ ಎಣ್ಣೆ ಕುಡಿಸಿರೋ ಮರ ಅದು, ದಯವಿಟ್ಟು ಒಲೆಗೆ ಹಾಕ್ಬೇಡಿ, ಹೊಗೆ ಒಳ್ಳೇದಲ್ಲ.

ಹಳಿಗೆ ಇನ್ನೊಂದು ಕೆಲಸ ನಮ್ಮ ರಾಜ್ಯದಲ್ಲೇ ಸಿಕ್ಕಿದೆ. ನಾಗರಹೊಳೆ, ಬಂಡೀಪುರದ ಕಾಡಂಚಲ್ಲಿ, ಕೊಡಗು, ಹಾಸನದ ಕಡೆ ಆನೆ ತಡೆಯೋಕೆ ಹಳೇ ಹಳಿಯಿಂದಾನೇ ಬೇಲಿ ಹಾಕಿದಾರೆ. ಕಂದಕ ಮಳೆಗೆ ಕುಸಿಯತ್ತೆ, ಕರೆಂಟ್ ತಂತಿನ ಆನೆ ಮರ ಬೀಳಿಸಿ ದಾಟತ್ತೆ, ಹಳಿ ಬೇಲಿನ ಕಿತ್ತಾಕೋದು ಅಷ್ಟು ಸುಲಭ ಅಲ್ಲ. ಆದ್ರೂ 2018ರ ಡಿಸೆಂಬರಲ್ಲಿ ನಾಗರಹೊಳೆಲಿ ಒಂದು ಗಂಡಾನೆ ಆ ಬೇಲಿ ಹತ್ತೋಕೆ ಹೋಗಿ ಸಿಕ್ಕಾಕ್ಕೊಂಡು ಸತ್ತೋಯ್ತು, ಆ ಫೋಟೋ ನೋಡಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಬೇಲಿ ಎಷ್ಟು ಎತ್ತರ, ಅಡ್ಡ ಹಳಿ ಮಧ್ಯೆ ಎಷ್ಟು ಜಾಗ, ಆನೆ ದಾರಿ ಎಲ್ಲಿ ಅಂತ ತಿಳ್ಕೊಂಡು ಹಾಕ್ಬೇಕು, ಹಳೇ ಕಬ್ಬಿಣ ಸಿಗ್ತು ಅಂತ ಎಲ್ಲೆಂದ್ರಲ್ಲಿ ನೆಡೋದಲ್ಲ.

ಆ ಕಡೆ ಹೋದ್ರೆ ಬೇಲಿ ಹಳಿಯ ಪಕ್ಕೆ ನೋಡಿ, ತುಕ್ಕಿನ ಕೆಳಗೆ ಅಕ್ಷರ ಉಬ್ಬಿರತ್ತೆ, ಯಾವ ಕಾರ್ಖಾನೆ, ಯಾವ ವರ್ಷ ಅಂತ. ಬೆರಳಾಡಿಸಿ ಓದ್ಬಹುದು. ನಮಸ್ಕಾರ.