ನಳ ಬಂತು, ಕರೆಂಟು ಬಂತು, ಬಸ್ಸು ಬಂತು

ಕೇಳುಗ ಬಂಧುಗಳಿಗೆ ನಮಸ್ಕಾರ.

ನಮ್ಮದು ವಿಜಯಪುರ ಜಿಲ್ಲೆ, ಡೋಣಿ ದಂಡೆಯ ಸಣ್ಣ ಹಳ್ಳಿ. ಅಗಸಿ ಹೊಕ್ಕರೆ ಹನುಮಪ್ಪನ ಗುಡಿ, ಗುಡಿ ಮುಂದೆ ಕಟ್ಟೆ, ಎದುರಿಗೆ ಹಿಟ್ಟಿನ ಗಿರಣಿ. ಅಲ್ಲಿಗೆ ಅರ್ಧ ಊರು ಮುಗಿಯಿತು. ಇಲ್ಲಿ ಯಾರನ್ನಾದರೂ ಗಂಟೆ ಎಷ್ಟು ಅಂತ ಕೇಳಿ ನೋಡಿ. "ನಳ ಬಂದು ಹೋತ್ರಿ" ಅಂತಾರೆ. ಇಲ್ಲವೇ "ಬಸ್ ಇನ್ನೂ ಬಂದಿಲ್ರಿ" ಅಂತಾರೆ. ಕೈಯಲ್ಲಿ ಮೊಬೈಲ್ ಹಿಡಿದುಕೊಂಡೇ ಹೇಳುವ ಮಾತಿದು.

ಡೋಣಿ ಮಹಾರಾಷ್ಟ್ರದ ಜತ್ತ ಕಡೆ ಹುಟ್ಟಿ, ನಮ್ಮ ಜಿಲ್ಲೆ ಹಾಯ್ದು ಕೃಷ್ಣೆಗೆ ಸೇರುತ್ತದೆ. ಆದರೆ ನೀರು ಸವಳು, ಬಾಯಿಗಿಟ್ಟರೆ ಉಪ್ಪು. ನಮ್ಮೂರ ಬೋರಿನ ನೀರೂ ಹಾಗೇ. ನಮ್ಮ ಆಯಿ ಸೊಸೆಯಾಗಿ ಬಂದ ಕಾಲಕ್ಕೆ ಸೀನೀರಿಗೆ ದೂರದ ಹೊಲದ ಬಾವಿಗೇ ಹೋಗಬೇಕಿತ್ತು. ತಲೆ ಮೇಲೊಂದು ಕೊಡ, ಸೊಂಟದಲ್ಲೊಂದು. ಈಗ ಮನೆ ಮುಂದೆ ನಳ ಇದೆ. 2019ರಲ್ಲಿ ಶುರುವಾದ ಜಲ ಜೀವನ ಯೋಜನೆಯ ಲೆಕ್ಕದಲ್ಲಿ ಒಬ್ಬರಿಗೆ ದಿನಕ್ಕೆ 55 ಲೀಟರ್. ನಮ್ಮ ಓಣಿಯ ಲೆಕ್ಕವೇ ಬೇರೆ. ಮೂರು ದಿನಕ್ಕೊಮ್ಮೆ ನಳ ಸುಂಯ್ ಅಂತ ಗಾಳಿ ಬಿಡುತ್ತದೆ. ಆ ಸಪ್ಪಳಕ್ಕೆ ಓಣಿಯೇ ಎದ್ದು ನಿಲ್ಲುತ್ತದೆ. ಕುಡಿಯುವುದಕ್ಕೆ ಮಾತ್ರ ಶುದ್ಧ ನೀರಿನ ಘಟಕವೇ ಗತಿ. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್. ಆಯಿಗೆ ಇದರ ಮೇಲೂ ನಂಬಿಕೆ ಇಲ್ಲ. ಮೊದಲ ದಿನ ಆ ನೀರಲ್ಲಿ ತೊಗರಿ ಬೇಳೆ ಇಟ್ಟಳು. ಒಲೆ ಮುಂದೆ ಕೂತೇ ಇದ್ದಳು. ಬೇಳೆ ಒಡೆದು ಕರಗಿದ ಮೇಲೆಯೇ, "ಹ್ಞಾಂ, ನೀರು ಚಲೋ ಅದಾವು" ಅಂದಳು.

ಕರೆಂಟಿನ ವಿಷಯಕ್ಕೆ ಬಂದರೆ, ಮನೆಗಳಿಗೂ ಪಂಪ್‌ಸೆಟ್‌ಗಳಿಗೂ ಲೈನು ಬೇರೆ ಮಾಡಿದ ಮೇಲೆ ಊರೊಳಗೆ ಪರವಾಗಿಲ್ಲ. ಹೊಲಕ್ಕೆ ತ್ರೀ ಫೇಸ್ 7 ತಾಸು. ಅದರಲ್ಲೂ ಪಾಳಿ. ರಾತ್ರಿ ಪಾಳಿ ಬಂದರೆ ನಮ್ಮ ಕಾಕಾ ಎರಡು ಗಂಟೆಗೆ ಬ್ಯಾಟರಿ ಹಿಡಿದು ಹೊರಡುತ್ತಾರೆ. ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ಆದರೆ ಮೋಟರು ತಾನಾಗಿ ಚಾಲೂ ಆದರೂ ಉಳ್ಳಾಗಡ್ಡಿ ಮಡಿಗೆ ನೀರು ತಿರುವಲು ಮನುಷ್ಯನೇ ಬೇಕಲ್ವಾ? ಹಾವು ಚೇಳಿನ ಭಯ ಬೇರೆ. ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್, ಸುಟ್ಟರಂತೂ ಕೇಳಲೇಬೇಡಿ. ಹೋದ ಬೇಸಿಗೆ ಬೇರೆ ಟಿಸಿ ಬರುವಷ್ಟರಲ್ಲಿ ಅರ್ಧ ಬೆಳೆ ಬಾಡಿತ್ತು.

ಇದ್ಯಾವುದರ ಹಂಗೂ ಇಲ್ಲದ್ದು ನಮ್ಮ ಬಿಳಿಜೋಳ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಯರೆ ಹೊಲ ಹದವಾಗಿದ್ದಾಗ ಕೂರಿಗೆ ಹೂಡಿ ಬಿತ್ತಿದರೆ ಆಯಿತು. ಮಣ್ಣು ಒಳಗೆ ಹಿಡಿದಿಟ್ಟ ಹಸಿ ಮೇಲೆ, ಚಳಿಗಾಲದ ಇಬ್ಬನಿ ಮೇಲೆ ಬೆಳೆದು ಆಳೆತ್ತರ ನಿಲ್ಲುತ್ತದೆ. "ಡೋಣಿ ಹರಿದರೆ ಓಣಿಯೆಲ್ಲ ಕಾಳು" ಅಂತ ಹಿರಿಯರು ಅಂದದ್ದು ಸುಮ್ನೆ ಅಲ್ಲ. ಎಳ್ಳಮಾವಾಸ್ಯೆ ದಿನ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಹೋಗಿ, "ಹುಲ್ಲುಲಿಗ್ಯೋ ಚಲ್ಲಂಬ್ರಿಗ್ಯೋ" ಅಂತ ಕೂಗುತ್ತಾ ಚರಗ ಚೆಲ್ಲುತ್ತೇವೆ, ಅಂದರೆ ಒಯ್ದ ಅಡುಗೆಯನ್ನು ಭೂಮಿತಾಯಿಗೆ ಅಂತ ಹೊಲದಲ್ಲಿ ಎರಚುತ್ತೇವೆ. ಆ ಒಂದು ದಿನ ಯಾರೂ ನಳ ನೆನೆಸುವುದಿಲ್ಲ. ಅವತ್ತೇ ನೀರು ಬಿಟ್ಟಿದ್ದರೂ ಗೊತ್ತಾಗುವುದಿಲ್ಲ ಬಿಡಿ!

ಇನ್ನು ವಸ್ತಿ ಬಸ್ಸು. ರಾತ್ರಿ ಬಂದು ಗುಡಿ ಮುಂದೆ ನಿಲ್ಲುತ್ತದೆ, ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ಡ್ರೈವರ್, ಕಂಡಕ್ಟರಿಗೆ ಯಾರದೋ ಮನೆಯಿಂದ ರೊಟ್ಟಿ, ಪುಂಡಿ ಪಲ್ಯ ಹೋಗಿರುತ್ತದೆ. ಕಾಲೇಜಿನ ಹುಡುಗಿಯರೆಲ್ಲ ಇದರಲ್ಲೇ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ. ಈಗ ಆಯಿಯೂ ಸಂತೆಗೆ ಒಬ್ಬಳೇ ಹೋಗಿ ಬರುತ್ತಾಳೆ. ಡೋಣಿಗೆ ಹೊಳೆ ಬಂದು ಸೇತುವೆ ಮುಳುಗಿದ ದಿನ ಮಾತ್ರ ಬಸ್ಸು ಆಚೆ, ಊರು ಈಚೆ. ಅಂಥ ದಿನವೇ ಯಾರಿಗಾದರೂ ಹೆರಿಗೆ ನೋವು ಬಂದರೆ ಟ್ರ್ಯಾಕ್ಟರ್ ಕಟ್ಟಿ ಸುತ್ತು ದಾರಿ ಹಿಡಿಯಬೇಕು.

ಇವತ್ತು ನಾನೂ ಅದೇ ಬಸ್ಸಿಗೆ ಬಂದೆ. ತಿರುಗಿ ಹೋಗಲಿಕ್ಕೂ ಅದೊಂದೇ. ನಾಳೆ ನಮ್ಮ ಓಣಿಗೆ ನಳದ ಪಾಳಿ ಬೇರೆ. ಬರ್ತೀನ್ರಿ, ನಮಸ್ಕಾರ.