ಹಳ್ಳವನ್ನು ಹಳ್ಳವಾಗೇ ಬಿಟ್ಟ ರೆಡ್ ಲಾರೆನ್ಸ್

ಅಧ್ಯಕ್ಷರೇ, ಗೆಳೆಯರೇ,

ಈ ಸಭೆಯಲ್ಲಿ ಗಾಲ್ಫ್ ಆಡುವವರಿದ್ದೀರಿ, ಲ್ಯಾಂಡ್‌ಸ್ಕೇಪ್ ಓದುತ್ತಿರುವವರೂ ಇದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ಅಮೆರಿಕದ ಅರಿಜೋನಾ ರಾಜ್ಯಕ್ಕೆ ಹೋಗೋಣ. ಫೀನಿಕ್ಸ್‌ನ ಉತ್ತರಕ್ಕೆ ಕೇರ್‌ಫ್ರೀ ಅಂತ ಒಂದು ಊರು. ಅಲ್ಲಿನ ಖಾಸಗಿ ಗಾಲ್ಫ್ ಕ್ಲಬ್ ಡೆಸರ್ಟ್ ಫಾರೆಸ್ಟ್, ಶುರುವಾಗಿದ್ದು 1962ರಲ್ಲಿ.

ಆ ಕಾಲದಲ್ಲಿ ಮರುಭೂಮಿಯಲ್ಲಿ ಕೋರ್ಸ್, ಅಂದ್ರೆ ಗಾಲ್ಫ್ ಮೈದಾನ, ಮಾಡೋದು ಅಂದ್ರೆ ಗಿಡಗಂಟಿ ಕಿತ್ತು, ನೆಲ ಸಮತಟ್ಟು ಮಾಡಿ, ಈ ಬೇಲಿಯಿಂದ ಆ ಬೇಲಿವರೆಗೆ ಹುಲ್ಲು ಹಾಸೋದು. ಡೆಸರ್ಟ್ ಫಾರೆಸ್ಟ್ ಕೋರ್ಸನ್ನು ವಿನ್ಯಾಸ ಮಾಡಿದ ರೆಡ್ ಲಾರೆನ್ಸ್ ಆ ದಾರಿ ಹಿಡಿಯಲಿಲ್ಲ. ಅವರು ನ್ಯೂಯಾರ್ಕ್ ಸೀಮೆಯವರು. ವಾಲ್ಟರ್ ಟ್ರಾವಿಸ್, ವಿಲಿಯಂ ಫ್ಲಿನ್ ಅಂಥ ಕೋರ್ಸ್ ವಿನ್ಯಾಸಕಾರರ ಕೈಕೆಳಗೆ ಪಳಗಿದವರು. ಆದರೂ ಪೂರ್ವ ಅಮೆರಿಕದ ಹಸಿರನ್ನು ಇಲ್ಲಿಗೆ ಹೊತ್ತು ತರಲಿಲ್ಲ. ನೆಲ ಹೇಗೆ ಏರಿಳಿಯುತ್ತಿತ್ತೋ ಅದರ ಮೇಲೇ ಫೇರ್‌ವೇ, ಅಂದ್ರೆ ಆಟ ಸಾಗುವ ಹುಲ್ಲಿನ ಹಾದಿ, ಹಾಯಿಸಿದರು. ಅಕ್ಕಪಕ್ಕ ಸಗುವಾರೋ ಕಳ್ಳಿ, ಪಾಲೋ ವರ್ಡೆ, ಮೆಸ್ಕೀಟ್ ಮರಗಳು ಇದ್ದಲ್ಲೇ ಇದ್ದವು. ಕೃತಕ ಕೆರೆ ಒಂದೂ ಇಲ್ಲ. ವಿನ್ಯಾಸಕಾರನ ಜಾಣತನ ಗೊತ್ತಾಗೋದು ಅವನು ಕೈ ಹಾಕದೆ ಬಿಟ್ಟ ಜಾಗದಲ್ಲಿ. ಇದನ್ನು ನಾನು ಇವತ್ತು ಇನ್ನೊಮ್ಮೆ ಹೇಳ್ತೀನಿ, ಸಹಿಸಿಕೊಳ್ಳಿ!

7ನೇ ಹೋಲನ್ನೇ ನೋಡಿ. ಪಾರ್ 5, ಅಂದ್ರೆ ಒಳ್ಳೆಯ ಆಟಗಾರ ಐದು ಹೊಡೆತದಲ್ಲಿ ಮುಗಿಸಬೇಕಾದದ್ದು. ಮಳೆ ಬಂದಾಗ ಮಾತ್ರ ಹರಿಯುವ ಹಳ್ಳವೊಂದು ಆಟಕ್ಕೆ ಅಡ್ಡ ಬರುತ್ತದೆ. ಬೇರೆಯವರಾಗಿದ್ದರೆ ಮುಚ್ಚಿಬಿಡ್ತಿದ್ದರು, ಇಲ್ಲಾ ಅಗಲ ಮಾಡಿ ನೀರು ತುಂಬಿಸ್ತಿದ್ದರು. ಲಾರೆನ್ಸ್ ಹಳ್ಳವನ್ನು ಹಳ್ಳವಾಗೇ ಬಿಟ್ಟರು. ಈಗ ಆಟಗಾರ ನಿಂತು ಯೋಚಿಸಬೇಕು. ದಾಟಿಸಿ ಹೊಡೆದರೆ ಗ್ರೀನ್, ಅಂದ್ರೆ ಗುಳಿ ಇರುವ ನುಣುಪು ಹುಲ್ಲಿನ ಜಾಗ, ಹತ್ತಿರ. ತಪ್ಪಿದರೆ ಚೆಂಡು ಮರಳು, ಕಲ್ಲು, ಮುಳ್ಳಿನ ಪಾಲು. ಅದರಲ್ಲೂ ಚೋಯಾ ಕಳ್ಳಿ ಇದೆಯಲ್ಲ, ಅದರ ಮುಳ್ಳಿಗೆ ಹಿಮ್ಮುಖದ ಕೊಕ್ಕೆಗಳಿರುತ್ತವೆ. ಮೈ ತಾಗಿದರೆ ಸಾಕು, ಒಂದು ತುಂಡೇ ಕಿತ್ತುಕೊಂಡು ಅಂಟಿಕೊಳ್ಳುತ್ತದೆ. ಅನುಭವಸ್ಥರು ಅದನ್ನು ತೆಗೆಯೋಕೆ ಬಾಚಣಿಗೆ ಇಟ್ಕೊಂಡಿರ್ತಾರೆ. ಚೆಂಡು ಎಷ್ಟೇ ದುಬಾರಿಯಾಗಿರಲಿ, ಅಲ್ಲಿಗೆ ಕೈ ಹಾಕಬೇಡಿ!

ಸಗುವಾರೋ ಕಳ್ಳಿಗೆ ಮೊದಲ ತೋಳು, ಅಂದ್ರೆ ಕೊಂಬೆ, ಮೂಡೋಕೆ 50ರಿಂದ 75 ವರ್ಷ ಹಿಡಿಯುತ್ತದೆ. ನಾವು ನಕ್ಷೆಯಲ್ಲಿ ಒಂದು ಗೆರೆ ಸರಿಸಿದರೆ ಅಂಥದ್ದೊಂದು ಉಳಿಯುತ್ತದೆ ಅಂದ್ರೆ, ಗೆರೆ ಸರಿಸೋದೇ ಸರಿ ಅಲ್ವಾ?

ಚೀಟಿ ಬಂತು, ಸಮಯ ಆಗ್ತಿದೆಯಂತೆ. ಬೇಗ ಮುಗಿಸ್ತೀನಿ.

ಡೆಸರ್ಟ್ ಹೈಲ್ಯಾಂಡ್ಸ್ ಬಗ್ಗೆ ಒಂದೇ ಮಾತು. ಅದೇ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಹೆಸರಾಂತ ಗಾಲ್ಫ್ ಆಟಗಾರ ಜ್ಯಾಕ್ ನಿಕ್ಲಾಸ್ ಮಾಡಿದ ಕೋರ್ಸ್. 1983ರಲ್ಲಿ ಮೊದಲ ಸ್ಕಿನ್ಸ್ ಗೇಮ್, ಅಂದ್ರೆ ಹೋಲ್ ಹೋಲ್‌ಗೂ ಹಣ ಕಟ್ಟಿ ಆಡುವ ಟಿವಿ ಪಂದ್ಯ, ನಡೆದದ್ದು ಅಲ್ಲೇ. ನಿಕ್ಲಾಸ್, ಆರ್ನಾಲ್ಡ್ ಪಾಮರ್, ಗ್ಯಾರಿ ಪ್ಲೇಯರ್, ಟಾಮ್ ವಾಟ್ಸನ್ ಆಡಿದರು. ಕಳ್ಳಿಗಳ ನಡುವೆ ತುಂಡು ತುಂಡು ಹಸಿರು ಇರುವ ಆ ನೋಟ ಟಿವಿಯಲ್ಲಿ ಮನೆಮನೆ ತಲುಪಿತು. ಆದರೆ ಆ ದಾರಿ ಲಾರೆನ್ಸ್ 20 ವರ್ಷ ಮೊದಲೇ ತೋರಿಸಿದ್ದರು. ಅರಿಜೋನಾ 1980ರಲ್ಲಿ ಅಂತರ್ಜಲ ಕಾಯ್ದೆ ತಂದಿತು. ಆಮೇಲೆ ಫೀನಿಕ್ಸ್ ಸುತ್ತಲಿನ ಹೊಸ ಕೋರ್ಸುಗಳ ಹುಲ್ಲಿಗೆ ಎಕರೆ ಲೆಕ್ಕದಲ್ಲಿ ಮಿತಿ ಬಿತ್ತು. ಲಾರೆನ್ಸ್ ಆ ಕಾಯ್ದೆಗೆ ಕಾಯಲಿಲ್ಲ.

2013ರಲ್ಲಿ ವಿನ್ಯಾಸಕಾರ ಡೇವಿಡ್ ಜಿಂಕಂಡ್ ಡೆಸರ್ಟ್ ಫಾರೆಸ್ಟ್‌ನ ನವೀಕರಣ ಮಾಡಿದರು. ಹಳೆಯ ಕೋರ್ಸಿಗೆ ಕೈ ಹಾಕುವ ಯಾರನ್ನೇ ಆಗಲಿ ನಾನು ಒಂದೇ ಪ್ರಶ್ನೆ ಕೇಳ್ತೀನಿ: ಮೊದಲಿನವರು ಮುಟ್ಟದೆ ಬಿಟ್ಟಿದ್ದನ್ನು ನೀವು ಯಾಕೆ ಮುಟ್ತೀರಿ? ಗ್ರೀನ್ ಹಳತಾಗುತ್ತದೆ, ಪೈಪು ಸೋರುತ್ತದೆ, ಅವನ್ನು ಬದಲಾಯಿಸಲೇಬೇಕು. ಹಳ್ಳದ ವಿಷಯಕ್ಕೆ ಮಾತ್ರ ಹೋಗಬೇಡಿ.

ಇನ್ನು ನಿಮ್ಮ ಪ್ರಶ್ನೆಗಳು. ವಿದ್ಯಾರ್ಥಿಗಳು ಮೊದಲು ಕೇಳಲಿ.