ಮೊದಲು ತಳದ ಗೆರೆ, ಆಮೇಲೆ ಡ್ರಿಲ್: ಜೆಟ್ ದೋಣಿಗೆ ಟ್ರಿಮ್ ಟ್ಯಾಬ್ ಕೂಡಿಸುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಜೆಟ್ ದೋಣಿಗಳಿಗೆ ಟ್ರಿಮ್ ಟ್ಯಾಬ್, ಅಂದರೆ ಓಡುವಾಗ ಮೂತಿ ಇಳಿಸಲು ಹಿಂಬದಿಗೆ ಹಾಕುವ ತಗಡು, ಕೂಡಿಸುವುದರ ಬಗ್ಗೆ ಮಾತನಾಡಲು ಆಕಾಶವಾಣಿಯವರು ಕರೆದದ್ದು ನನಗೆ ತುಂಬ ಸಂತೋಷ ತಂದಿದೆ. ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಪಾಠ ಹೇಳುತ್ತ, ರಜೆಯ ದಿನಗಳಲ್ಲಿ ದೋಣಿಗಳ ಎಂಜಿನ್ ಬಿಚ್ಚಿ ಜೋಡಿಸುತ್ತ ಮೂವತ್ತು ವರ್ಷ ಕಳೆದವನು ನಾನು. ಶರಾವತಿ, ತುಂಗಾ, ಭದ್ರಾ ಹಿನ್ನೀರುಗಳ ದಡದಲ್ಲಿ ದೋಣಿ ನಡೆಸಿ ಬದುಕುವ ಯುವಕರು, ದೋಣಿಗೆ ಹಣ ಹಾಕಿದ ಮಾಲೀಕರು, ಅವರ ದೋಣಿಯನ್ನು ರಿಪೇರಿಗೆ ಒಪ್ಪಿಕೊಳ್ಳುವ ಸಾಗರ, ತೀರ್ಥಹಳ್ಳಿ, ಹೊಸನಗರದ ವರ್ಕ್‌ಶಾಪಿನವರು ಈಗ ರೇಡಿಯೋದ ಮುಂದೆ ಕುಳಿತಿದ್ದಾರೆ ಎಂದುಕೊಂಡು ಮಾತನಾಡುತ್ತೇನೆ. ಹೇಳಬೇಕಾದ ಮಾತು ಒಂದೇ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ದೋಣಿಯನ್ನು ನೀರಿನಿಂದ ಮೇಲೆತ್ತಿ, ಅದರ ತಳಕ್ಕೆ ನೇರವಾದ ಪಟ್ಟಿ ಹಿಡಿದು, ತಳದ ಗೆರೆ, ಅಂದರೆ ತಳ ಹಿಂದಕ್ಕೆ ನೇರವಾಗಿ ಮುಂದುವರಿದರೆ ಸಾಗುವ ಗೆರೆ, ಎಲ್ಲಿದೆಯೆಂದು ಕಂಡುಕೊಂಡ ಮೇಲಷ್ಟೇ ಡ್ರಿಲ್ಲನ್ನು ಕೈಗೆತ್ತಿಕೊಳ್ಳಬೇಕು.

ಜೆಟ್ ದೋಣಿಯ ಹೊರಗೆ ತಿರುಗುವ ಫ್ಯಾನ್ ಇರುವುದಿಲ್ಲ. ತಳದಲ್ಲಿ ಜಾಲರಿ ಹಾಕಿದ ಒಂದು ಬಾಯಿ ಇರುತ್ತದೆ. ಎಂಜಿನ್ನು ತಿರುಗಿಸುವ ಇಂಪೆಲರ್ ಎಂಬ ರೆಕ್ಕೆಗಳ ಚಕ್ರ ಆ ಬಾಯಿಯಿಂದ ನೀರನ್ನು ಹೀರಿಕೊಂಡು, ದೋಣಿಯ ಹಿಂಗೋಡೆಯಲ್ಲಿರುವ ನಳಿಕೆಯಿಂದ ರಭಸವಾಗಿ ಹಿಂದಕ್ಕೆ ಚಿಮ್ಮಿಸುತ್ತದೆ, ದೋಣಿ ಮುಂದಕ್ಕೆ ಹೋಗುತ್ತದೆ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿ ಕೈಯನ್ನು ಹಿಂದಕ್ಕೆ ನೂಕುವುದನ್ನು ಅಡಿಕೆ ತೋಟದವರೆಲ್ಲ ಬಲ್ಲರು. ಇಲ್ಲಿ ನಡೆಯುವುದೂ ಅದೇ. ನ್ಯೂಜಿಲೆಂಡಿನ ವಿಲಿಯಂ ಹ್ಯಾಮಿಲ್ಟನ್ ಎಂಬವರು ತಮ್ಮ ಸೀಮೆಯ ಕಲ್ಲುಮಯವಾದ, ಮೊಣಕಾಲುದ್ದ ನೀರಿನ ಹೊಳೆಗಳಲ್ಲಿ ಓಡಿಸಲೆಂದು 1950ರ ದಶಕದಲ್ಲಿ ಈ ಬಗೆಯ ದೋಣಿಯನ್ನು ಬಳಕೆಗೆ ತಂದರು. 1960ರಲ್ಲಿ ಅವರ ಜೆಟ್ ದೋಣಿಗಳು ಅಮೆರಿಕದ ಕೊಲರಾಡೋ ನದಿಯಲ್ಲಿ ಗ್ರ್ಯಾಂಡ್ ಕ್ಯಾನ್ಯನ್ನಿನ ಕಮರಿಯೊಳಗೆ ಪ್ರವಾಹಕ್ಕೆ ಎದುರಾಗಿ ಮೇಲೇರಿದವು. ಅಂಥ ಗಟ್ಟಿ ದೋಣಿ ಇದು.

ಇದಕ್ಕೆ ಒಂದು ಸ್ವಭಾವವಿದೆ. ಎಂಜಿನ್ನೂ ಜೆಟ್ಟೂ ಹಿಂಭಾಗದಲ್ಲೇ ಕೂತಿರುವುದರಿಂದ ಭಾರವೆಲ್ಲ ಹಿಂದಿರುತ್ತದೆ. ವೇಗ ಕೊಟ್ಟೊಡನೆ ಹಿಂಭಾಗ ನೀರಿನಲ್ಲಿ ಕುಸಿದು ಮೂತಿ ಆಕಾಶ ನೋಡುತ್ತದೆ. ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಾದರೆ ಅದನ್ನೇ ಹಿಂದುಮುಂದು ವಾಲಿಸಿ ಮೂತಿಯನ್ನು ಇಳಿಸಬಹುದು. ಜೆಟ್ಟಿನ ನಳಿಕೆ ಎಡಬಲಕ್ಕೆ ತಿರುಗುತ್ತದೆಯೇ ಹೊರತು ಸಾಮಾನ್ಯವಾಗಿ ಮೇಲೆ ಕೆಳಗೆ ಆಡುವುದಿಲ್ಲ. ಲಿಂಗನಮಕ್ಕಿ ಹಿನ್ನೀರಿನಲ್ಲಿ ಮೂತಿ ಎತ್ತಿಕೊಂಡು ಓಡುವುದೆಂದರೆ ಕಣ್ಣು ಕಟ್ಟಿಕೊಂಡು ಓಡಿದ ಹಾಗೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಬೊಡ್ಡೆಗಳು ಇಂದಿಗೂ ನೀರಿನಡಿ ನಿಂತಿವೆ. ಜಲಾಶಯದ ಪೂರ್ಣ ಮಟ್ಟ 1819 ಅಡಿ. ಬೇಸಿಗೆಯಲ್ಲಿ ಮಟ್ಟ ಇಳಿದಾಗ ಹಿನ್ನೀರಿನಲ್ಲಿ ಮುಳುಗಿದ ಹಳೆಯ ಮಡೆನೂರು ಅಣೆಕಟ್ಟೇ ಮೇಲೆದ್ದು ಕಾಣುತ್ತದೆ, ಇನ್ನು ಬೊಡ್ಡೆಗಳ ಮಾತೇನು? ಅವುಗಳ ತುದಿ ನೀರಿನ ಮೇಲ್ಮೈಗೆ ಒಂದು ಗೇಣು ಕೆಳಗಿದ್ದರೂ ಸಾಕು. ದೋಣಿ ನಡೆಸುವವನಿಗೆ ಮುಂದಿನ ನೀರು ಕಾಣಲೇಬೇಕು.

ಟ್ರಿಮ್ ಟ್ಯಾಬ್ ಇರುವುದು ಇದಕ್ಕಾಗಿಯೇ. ಹಿಂಗೋಡೆಯ ಕೆಳ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಸ್ಟೀಲಿನ ತಗಡನ್ನು ಬಿಜಾಗರಿಯಿಂದ ಕೂಡಿಸಿರುತ್ತಾರೆ. ವಿದ್ಯುತ್ತಿನಿಂದಲೋ ಹೈಡ್ರಾಲಿಕ್ ಎಣ್ಣೆಯಿಂದಲೋ ಚಾಚುವ ಒಂದೊಂದು ದಂಡ ಆ ತಗಡುಗಳನ್ನು ಕೆಳಕ್ಕೆ ಒತ್ತುತ್ತದೆ. ಹರಿಯುವ ಹೊಳೆಯಲ್ಲಿ ಅಂಗೈಯನ್ನು ಅಡ್ಡಲಾಗಿ ಇಳಿಸಿ, ಹಿಂದಿನ ಅಂಚನ್ನು ಸ್ವಲ್ಪ ತಗ್ಗಿಸಿ ನೋಡಿ. ನೀರು ಕೈಯನ್ನು ಮೇಲಕ್ಕೆತ್ತುತ್ತದೆ. ಹಾಗೆಯೇ ತಗಡು ಬಾಗಿದಾಗ ಹಿಂಭಾಗ ಮೇಲೇಳುತ್ತದೆ, ಮೂತಿ ಇಳಿಯುತ್ತದೆ. ಎಡ ತಗಡನ್ನು ಮಾತ್ರ ಬಾಗಿಸಿದರೆ ಎಡ ಹಿಂಬದಿ ಎದ್ದು ದೋಣಿ ಬಲಕ್ಕೆ ವಾಲುತ್ತದೆ. ಈ ತಗಡು ದೋಣಿಯ ತಳದ ಮುಂದುವರಿಕೆ ಎಂಬುದನ್ನು ದಯವಿಟ್ಟು ಗಮನಿಸಬೇಕು. ತಳದ ಗೆರೆ ತಿಳಿಯದೆ ಅದನ್ನು ಕೂಡಿಸಲು ಬರುವುದಿಲ್ಲ.

ಇದನ್ನು ನನಗೆ ಮನವರಿಕೆ ಮಾಡಿಕೊಟ್ಟ ಒಂದು ಪ್ರಸಂಗವನ್ನು ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ಶರಾವತಿ ಹಿನ್ನೀರಿನ ದಡದ ಒಂದು ವಿಹಾರ ತಾಣದಿಂದ ನನಗೆ ಕರೆ ಬಂತು. 18 ಅಡಿ ಉದ್ದದ ಫೈಬರ್ ಜೆಟ್ ದೋಣಿ. ಹಿಂದಿನ ವಾರವಷ್ಟೇ ದೂರದ ಪಟ್ಟಣದ ಒಬ್ಬ ಫಿಟ್ಟರನ್ನು ಕರೆಸಿ, 12 ಇಂಚು ಅಗಲ 9 ಇಂಚು ಉದ್ದದ ಎರಡು ಟ್ಯಾಬ್‌ಗಳನ್ನು ಹಾಕಿಸಿದ್ದರು. ‘ಮೂತಿ ಇಳಿದಿದೆ ಮೇಷ್ಟ್ರೇ, ಆದರೆ ದೋಣಿ ಮೊದಲಿನ ಹಾಗಿಲ್ಲ ಮಾರಾಯ್ರೆ’ ಎಂದರು ಮಾಲೀಕರು. ಡಿಸೆಂಬರಿನ ಮುಂಜಾನೆ ಮಂಜು ಇನ್ನೂ ನೀರಿನಿಂದ ಎದ್ದಿರಲಿಲ್ಲ. ಹತ್ತು ಗಂಟೆಯವರೆಗೆ ಕಾದು, ನಾನು, ದೋಣಿ ನಡೆಸುವ ಹುಡುಗ, ಮತ್ತು ಆ ಕಡವಿನಲ್ಲಿ ಹಿಂದೆ ಹುಟ್ಟು ಹಾಕುತ್ತಿದ್ದ ಒಬ್ಬ ಅಂಬಿಗಜ್ಜ ಹೊರಟೆವು. ಹತ್ತಿದ ಕೂಡಲೇ ಎಡಗಡೆಯ ಸೀಟಿನಡಿ 25 ಕಿಲೋದ ಎರಡು ಅಕ್ಕಿ ಮೂಟೆಗಳು ಕಂಡವು. ಏಕೆಂದು ಕೇಳಿದರೆ, ದೋಣಿ ಬಲಕ್ಕೆ ವಾಲುತ್ತದೆ ಸರ್, ಅದಕ್ಕೇ ಇಟ್ಟಿದ್ದೇನೆ ಎಂದು ಹುಡುಗ ಹೇಳಿದ. ದಪ್ಪ ಮೈಯ ಪ್ರವಾಸಿಗರನ್ನೂ ಅವನು ಎಡಕ್ಕೇ ಕೂರಿಸುತ್ತಿದ್ದನಂತೆ.

ಎರಡೂ ತಗಡುಗಳನ್ನು ಪೂರ್ತಿ ಮೇಲಕ್ಕೆತ್ತಿಸಿ ಓಡಿಸಲು ಹೇಳಿದೆ. ಎಂಜಿನ್ನು ಕೂಗುತ್ತಿತ್ತು, ವೇಗ ಬರಲಿಲ್ಲ. ತಿರುಗಿ ನೋಡಿದರೆ ಎಡ ತಗಡಿನ ಮುಂದಂಚಿನಿಂದ ನೀರು ಬೀಸಣಿಗೆಯ ಹಾಗೆ ಎದ್ದು ಹಿಂಗೋಡೆಯ ಮೇಲೆ ಬೀಳುತ್ತಿತ್ತು. ಪೂರ್ತಿ ಎತ್ತಿದ ತಗಡು ನೀರನ್ನು ಕೆದಕಬಾರದು. ಕಡವಿಗೆ ಮರಳುವಾಗ ಇನ್ನೊಂದು ಸಂಗತಿ ನಡೆಯಿತು. ಜೆಟ್ ದೋಣಿಗೆ ಬ್ರೇಕ್ ಇಲ್ಲ; ನಳಿಕೆಯ ಹಿಂದಿರುವ ಬಕೆಟ್ಟನ್ನು ಇಳಿಸಿದರೆ ಚಿಮ್ಮುವ ನೀರು ಕೆಳಕ್ಕೂ ಮುಂದಕ್ಕೂ ತಿರುಗಿ ದೋಣಿಯನ್ನು ತಡೆಯುತ್ತದೆ. ಹುಡುಗ ಬಕೆಟ್ ಇಳಿಸಿದ, ದೋಣಿ ನಿಲ್ಲಲಿಲ್ಲ. ಅಂಬಿಗಜ್ಜ ಕೈಯಲ್ಲಿದ್ದ ಬಿದಿರಿನ ಗಳವನ್ನು ದಡಕ್ಕೆ ಊರಿ ತಡೆಯದೆ ಹೋಗಿದ್ದರೆ ಮೂತಿ ಕಲ್ಲಿಗೆ ಬಡಿಯುತ್ತಿತ್ತು. ಎರಡೂ ತಗಡುಗಳನ್ನು ಜೆಟ್ಟಿಗೆ ತೀರ ಹತ್ತಿರ ಕೂಡಿಸಿದ್ದರಿಂದ ಬಕೆಟ್ ತಿರುಗಿಸಿದ ನೀರು ಅವುಗಳಿಗೇ ಬಡಿದು ಚದುರಿಹೋಗುತ್ತಿತ್ತು.

ದೋಣಿಯನ್ನು ಟ್ರೈಲರಿಗೆ ಏರಿಸಿದೆವು. ಗಾರೆ ಕೆಲಸದವರು ಗೋಡೆಗೆ ಹಿಡಿಯುವ ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ತರಿಸಿ, ತಳಕ್ಕೆ ಒತ್ತಿ, ಹಿಂಗೋಡೆಯಿಂದ ಒಂದೂವರೆ ಅಡಿ ಹಿಂದಕ್ಕೆ ಚಾಚುವಂತೆ ಹಿಡಿದೆ. ಎಡ ತಗಡಿನ ಮುಂದಂಚು ತಳದ ಗೆರೆಗಿಂತ 8 ಮಿಲಿಮೀಟರ್ ಕೆಳಗಿತ್ತು, ಬಲದ್ದು 3 ಮಿಲಿಮೀಟರ್. ತಳದಲ್ಲಿ ಹೀಗೆ ಜೋತುಬಿದ್ದ ತಗಡು ಹಗಲಿಡೀ ನೀರನ್ನು ಒತ್ತುತ್ತಿತ್ತು; ಎಡದ್ದು ಹೆಚ್ಚು ಜೋತಿದ್ದರಿಂದ ದೋಣಿ ಬಲಕ್ಕೆ ವಾಲುತ್ತಿತ್ತು. ಅಕ್ಕಿ ಮೂಟೆಗೆ ಕಾರಣ ಆ 5 ಮಿಲಿಮೀಟರ್ ವ್ಯತ್ಯಾಸ.

ಹೇಗೆ ಕೂಡಿಸಿದರು ಎಂದು ವಿಚಾರಿಸಿದೆ. ದೋಣಿಯ ಹಿಂಭಾಗವನ್ನು ದಡದ ಜಲ್ಲಿಯ ಮೇಲಕ್ಕೆ ಎಳೆದು, ತಳ ನೆಲಕ್ಕೆ ಒರಗಿದ್ದಾಗಲೇ ಟೇಪಿನಿಂದ ಹಿಂಗೋಡೆಯ ಮೇಲಂಚಿನಿಂದ ಕೆಳಕ್ಕೆ ಎರಡೂ ಕಡೆ ಒಂದೇ ಅಳತೆ ಹಿಡಿದು ತೂತು ಕೊರೆದಿದ್ದರು. ಮೇಲಂಚನ್ನು ನೋಟಕ್ಕಾಗಿ ಕಟ್ಟಿರುತ್ತಾರೆ, ತಳವನ್ನು ಓಟಕ್ಕಾಗಿ ಕಟ್ಟಿರುತ್ತಾರೆ. ಎರಡೂ ಒಂದಕ್ಕೊಂದು ಸಮನಾಗಿರಬೇಕೆಂದೇನೂ ಇಲ್ಲ. ಪಕ್ಕದಲ್ಲೇ ಕೂತು ನೋಡುತ್ತಿದ್ದ ಅಂಬಿಗಜ್ಜ ತಳವನ್ನು ಅಂಗೈಯಿಂದ ಸವರಿ, ‘ನಾವು ಒಂದೇ ದಿಮ್ಮಿಯಿಂದ ಉಂಡೆದೋಣಿ ಕೆತ್ತುವಾಗ ಮೊದಲು ಅಡಿ ನೋಡ್ತಿದ್ವಿ, ಮೇಲಿಂದ ಅಳೆದವ್ರು ಯಾರೂ ಇರ್ಲಿಲ್ಲ’ ಎಂದರು. ಪೇಟೆಯಿಂದ ಬಂದ ಫಿಟ್ಟರಿಗೆ ಇಷ್ಟು ತಿಳಿದಿದ್ದರೆ ಸಾಕಾಗಿತ್ತು.

ಅಷ್ಟಕ್ಕೇ ಮುಗಿಯಲಿಲ್ಲ. ಒಂದು ಸ್ಕ್ರೂ ಬಿಚ್ಚಿದಾಗ ಅದರ ಹಿಂದೆಯೇ ಕಷಾಯದ ಬಣ್ಣದ ನೀರು ತೊಟ್ಟಿಕ್ಕಿತು. ಫೈಬರ್ ಹಿಂಗೋಡೆಯ ಒಳಗೆ ಪ್ಲೈವುಡ್ ಇರುತ್ತದೆ. ಸೀಲೆಂಟ್, ಅಂದರೆ ನೀರು ಒಳಬಾರದಂತೆ ತಡೆಯುವ ಅಂಟು, ಇಲ್ಲದೆ ತಿರುಗಿಸಿದ ಸ್ಕ್ರೂಗಳ ಸುತ್ತ ಇಳಿದ ನೀರು ಒಂದೇ ವಾರದಲ್ಲಿ ಆ ಮರವನ್ನು ತೇವಗೊಳಿಸಿತ್ತು. ಇಪ್ಪತ್ತಕ್ಕೂ ಹೆಚ್ಚು ತೂತುಗಳನ್ನು ಅಗಲಿಸಿ, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಗಟ್ಟಿಯಾಗುವ ಇಪಾಕ್ಸಿ ಅಂಟು ತುಂಬಿ ಹೊಸದಾಗಿ ಶುರುಮಾಡಬೇಕಾಯಿತು. ಹತ್ತು ನಿಮಿಷ ಪಟ್ಟಿ ಹಿಡಿದಿದ್ದರೆ ಇದೆಲ್ಲ ತಪ್ಪುತ್ತಿತ್ತು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ: ದೋಣಿ ಮೇಲೆತ್ತಿ, ತಳಕ್ಕೆ ಪಟ್ಟಿ ಹಿಡಿಯಿರಿ, ಆಮೇಲೆ ಡ್ರಿಲ್. ಇದನ್ನು ಎಷ್ಟು ಸಲ ಹೇಳಿದರೂ ನಮ್ಮ ಹುಡುಗರು ಪೆಟ್ಟಿಗೆ ತೆರೆದ ಕೂಡಲೇ ಡ್ರಿಲ್ಲನ್ನೇ ಹುಡುಕುತ್ತಾರೆ. ದಯವಿಟ್ಟು ಅದನ್ನು ಮೊದಲು ಬದಿಗಿಡಿ.

ಸ್ಟುಡಿಯೋದಲ್ಲಿರುವವರು ಗಡಿಯಾರ ತೋರಿಸುತ್ತಿದ್ದಾರೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಗಡಿನ ಬಿಜಾಗರಿಯ ಅಂಚು ತಳದ ಗೆರೆಗಿಂತ 6 ಮಿಲಿಮೀಟರ್ ಮೇಲಿರಲಿ. ಒಂದು ಪೆನ್ಸಿಲ್ಲಿನ ದಪ್ಪವೆಂದು ನೆನಪಿಟ್ಟುಕೊಂಡರೆ ಸಾಕು. ಪೂರ್ತಿ ಎತ್ತಿದಾಗ ತಗಡಿನ ಹಿಂದಂಚು ಕೂಡ ಪಟ್ಟಿಗಿಂತ ಮೇಲಿರಬೇಕು. ತಳದುದ್ದಕ್ಕೂ ಉಬ್ಬಿದ ಏಣುಗಳಿದ್ದರೆ ಪಟ್ಟಿಯನ್ನು ಏಣಿನ ಮೇಲೆ ಇಡದೆ ಅದರ ಪಕ್ಕದ ಸಪಾಟು ಜಾಗದಲ್ಲಿ ಹಿಡಿಯಬೇಕು. ತಳ ಮತ್ತು ಪಕ್ಕೆ ಕೂಡುವ ಮೂಲೆಯಿಂದ 3ರಿಂದ 4 ಇಂಚು ಒಳಗೆ ತಗಡಿನ ಹೊರ ಅಂಚು ಬರಲಿ. ಒಳ ಅಂಚಿಗೆ ಜೆಟ್ಟೇ ಮೇರೆ: ಬಕೆಟ್ಟನ್ನು ಪೂರ್ತಿ ಇಳಿಸಿ, ಚುಕ್ಕಾಣಿಯನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ, ನೀರು ಹಾಯುವ ದಾರಿಯನ್ನು ಕಣ್ಣಿಂದ ಅಳೆದು, ತಗಡು ಆ ದಾರಿಗೆ ಸಿಗದಂತೆ ಗುರುತು ಹಾಕಿ. ಲೋಹಕ್ಕೆ ತಾಗದಿದ್ದರೆ ಸಾಕೆಂದುಕೊಳ್ಳಬೇಡಿ, ನೀರಿಗೂ ತಾಗಬಾರದು.

ಗುರುತಿನ ಮೇಲೆ ಟೇಪ್ ಅಂಟಿಸಿ ಕೊರೆದರೆ ಫೈಬರಿನ ಹೊಳಪು ಪದರ ಸೀಳುವುದಿಲ್ಲ. ಪ್ರತಿ ತೂತಿಗೂ ಪ್ರತಿ ಸ್ಕ್ರೂವಿಗೂ ದೋಣಿಗೆಂದೇ ತಯಾರಾದ ಪಾಲಿಯುರೆಥೇನ್ ಸೀಲೆಂಟ್ ತುಂಬಬೇಕು. ಬಚ್ಚಲುಮನೆಗೆ ಬಳಸುವ ಸಿಲಿಕೋನ್ ಇಲ್ಲಿಗೆ ಸಲ್ಲದು. ಸ್ಕ್ರೂಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಅಲ್ಯೂಮಿನಿಯಂ ದೋಣಿಯಾದರೆ ಸ್ಟೀಲು ನೇರವಾಗಿ ಅಲ್ಯೂಮಿನಿಯಂಗೆ ತಗುಲಿದಲ್ಲಿ ತುಕ್ಕು ತಿನ್ನುತ್ತದೆ, ನಡುವೆ ಪ್ಲಾಸ್ಟಿಕ್ ಹಾಳೆ ಇಡಿ. ವಿದ್ಯುತ್ ಟ್ಯಾಬಿನ ತಂತಿಯನ್ನು ಬ್ಯಾಟರಿಯಿಂದ ಫ್ಯೂಸಿನ ಮೂಲಕವೇ ಎಳೆಯಿರಿ, ಫ್ಯೂಸಿನ ಅಳತೆ ಪೆಟ್ಟಿಗೆಯ ಜೊತೆ ಬಂದ ಪುಸ್ತಿಕೆಯಲ್ಲಿರುತ್ತದೆ. ಎಡ ಬಲ ಗುಂಡಿಗಳನ್ನು ಜೋಡಿಸುವಾಗ ಎಚ್ಚರವಿರಲಿ, ಏಕೆಂದರೆ ಎಡ ಮೂತಿ ಇಳಿಯಬೇಕಾದರೆ ಬಲ ತಗಡು ಬಾಗಬೇಕು.

ಮೊದಲ ಪರೀಕ್ಷೆಗೆ ಗಾಳಿಯಿಲ್ಲದ ಬೆಳಗನ್ನು ಆರಿಸಿ, ಮಾಮೂಲಿಯಾಗಿ ಕೂರಿಸುವಷ್ಟು ಜನರ ತೂಕವನ್ನೇ ಹೇರಿಕೊಂಡು, ಬೊಡ್ಡೆಗಳಿಲ್ಲವೆಂದು ಗೊತ್ತಿರುವ ನೀರಿಗೆ ಹೋಗಿ. ಪೂರ್ತಿ ಎತ್ತಿದ ಸ್ಥಿತಿಯಲ್ಲಿ ಮೊದಲು ಓಡಿಸಿ, ಹಿಂದೆ ನೀರಿನ ಬೀಸಣಿಗೆ ಏಳುತ್ತದೆಯೇ ನೋಡಿ. ಎದ್ದರೆ ಅಲ್ಲೇ ನಿಲ್ಲಿಸಿ ಮರಳಿ ಬನ್ನಿ. ಆಮೇಲೆ ಗುಂಡಿಯನ್ನು ಒಂದು ಕ್ಷಣ ಒತ್ತಿ ಬಿಡಿ, ದೋಣಿ ಹೊಂದಿಕೊಳ್ಳಲು ನಾಲ್ಕೈದು ಸೆಕೆಂಡು ಕಾಯಿರಿ, ಬೇಕಾದರೆ ಮತ್ತೆ ಒತ್ತಿ. ಮೂತಿ ತೀರ ಇಳಿದರೆ ತಿರುವಿನಲ್ಲಿ ದೋಣಿ ಮೂತಿಯಿಂದಲೇ ತಿರುಗತೊಡಗುತ್ತದೆ, ಅದು ಅಪಾಯ. ಕಡವಿಗೆ ಬಂದು ಬಕೆಟ್ ಇಳಿಸುವ ಮೊದಲು ಎರಡೂ ತಗಡುಗಳನ್ನು ಮೇಲಕ್ಕೆತ್ತಿ. ದೋಣಿಯನ್ನು ಟ್ರೈಲರಿಗೆ ಏರಿಸಿದ ಮೇಲೆ ಸ್ಕ್ರೂಗಳ ಸುತ್ತ ಒಣ ಬಟ್ಟೆ ಒತ್ತಿ ನೋಡಿ, ಅದೇ ಪಟ್ಟಿಯನ್ನು ತಳಕ್ಕೆ ಇನ್ನೊಮ್ಮೆ ಹಿಡಿಯಿರಿ.

ನಮಸ್ಕಾರ.